ಎಂಟನೆಯ ಹೆಸರು

ಪಿಂಡದ ಹಬ್ಬದ ಹದಿನೈದು ದಿನಗಳಲ್ಲಿ ಏಳು ವಿಹಾರ ಸುತ್ತದೆ ಹೋದರೆ ನಿಮೋಲ್‌ಳ ಅಮ್ಮ ಕೊಲಾಪ್‌ಗೆ ಸಮಾಧಾನವಿರುತ್ತಿರಲಿಲ್ಲ. ಆ ದಿನಗಳಲ್ಲಿ ಯಮಲೋಕದ ಬಾಗಿಲು ತೆರೆದಿರುತ್ತದೆ. ಸತ್ತವರು ಹಸಿದುಕೊಂಡು ಬಂದು ಒಂದೊಂದೇ ವಿಹಾರದ ಅಂಗಳದಲ್ಲಿ ತಮ್ಮವರನ್ನು ಹುಡುಕುತ್ತಾರೆ; ಏಳರಲ್ಲೂ ತಮ್ಮ ಹೆಸರು ಕೇಳಿಸದಿದ್ದರೆ ಶಾಪ ಹಾಕಿ ಹೊರಟುಹೋಗುತ್ತಾರೆ. ಆ ವರ್ಷ ಬಾತ್ತಂಬಾಂಗ್ ಊರೊಳಗಿನ ನಾಲ್ಕು ವಿಹಾರ ಮುಗಿದಿದ್ದವು. ಉಳಿದ ಮೂರನ್ನು ಕೊನೆಯ ದಿನಕ್ಕೆಂದು ಇಟ್ಟುಕೊಂಡಿದ್ದರು. ಮಧ್ಯಾಹ್ನ ಹನ್ನೆರಡಾದ ಮೇಲೆ ಭಿಕ್ಷುಗಳು ಒಂದು ಅಗುಳೂ ಮುಟ್ಟುವುದಿಲ್ಲ. ಹಾಗಾಗಿ ಮೂರೂ ಬೆಳಗಿನಲ್ಲೇ ಮುಗಿಯಬೇಕಿತ್ತು.

ಬೆಳಕು ಹರಿಯುವ ಹೊತ್ತಿಗೆ ಮನೆಯ ಮುಂದೆ ಕಾರು ನಿಂತಿತ್ತು. ನಿಮೋಲ್‌ಳ ಗಂಡ ಬುನ್ರಿತ್ ಡಿಕ್ಕಿಯ ಬಾಗಿಲು ಒತ್ತಿ ಒತ್ತಿ ಸೋತಿದ್ದ. ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಕಡುಬು ಎರಡು ಬುಟ್ಟಿ, ಮೂರು ಕ್ಯಾರಿಯರ್ ಅನ್ನ ಪಲ್ಯ, ಸತ್ತವರಿಗೆ ಇಡುವ ಎಳ್ಳಿನ ಅನ್ನದ ಉಂಡೆಗಳು, ಊದುಬತ್ತಿ, ತಾವರೆ ಮೊಗ್ಗಿನ ಕಟ್ಟು.

"ಅಮ್ಮಾ, ಇಷ್ಟೊಂದು ಕಡುಬು ಸತ್ತವರಿಗೋ ಬದುಕಿರೋರಿಗೋ?" ಎಂದ ಅತ್ತೆಯನ್ನು ನೋಡಿ.

"ಅವರು ತಿಂದು ಬಿಟ್ಟಿದ್ದು ನಿಂಗೆ ಕಣಪ್ಪ. ಆ ಹೊಟ್ಟೆ ನೋಡಿದ್ರೆ ಪಾಪ, ಅವರೇ ಬೇಡ ಅಂತ ಬಿಟ್ಟುಹೋಗ್ತಾರೆ."

ನಿಮೋಲ್‌ಳ ಒಂಬತ್ತು ವರ್ಷದ ಮಗಳು ಪಿಸೇಯ್ ಹಿಂದಿನ ಸೀಟಿನಲ್ಲಿ ಕಿಸಕ್ಕನೆ ನಕ್ಕಳು. ಅವಳ ಮನಸ್ಸೆಲ್ಲ ಎರಡನೆಯ ವಿಹಾರದ ಮೇಲಿತ್ತು. ಅಲ್ಲಿ ಹಬ್ಬದ ಕೊನೆಯ ದಿನ ಕೋಣಗಳ ಓಟ ನಡೆಯುತ್ತದೆ, ಹತ್ತಿ ಮಿಠಾಯಿ ಮಾರುವವರು ಬರುತ್ತಾರೆ.

ಹೆಸರುಗಳ ಪಟ್ಟಿ ನಿಮೋಲ್‌ಳ ಚೀಲದಲ್ಲಿತ್ತು. ಪ್ರತಿ ವರ್ಷದಂತೆ ಅಮ್ಮ ಹೇಳಿದ್ದಳು, ಅವಳು ಬರೆದಿದ್ದಳು. ಅಮ್ಮನ ಅಪ್ಪ ಅಮ್ಮ, ಇಬ್ಬರು ಅಣ್ಣಂದಿರು, ನಿಮೋಲ್‌ಳ ಅಪ್ಪ, ಅಪ್ಪನ ಅಪ್ಪ ಅಮ್ಮ. ಒಟ್ಟು ಏಳು. ಒಂದೊಂದು ವಿಹಾರಕ್ಕೆ ಒಂದೊಂದು ಪ್ರತಿ. ಓದಿದ ಮೇಲೆ ಅದನ್ನು ಊದುಬತ್ತಿಯ ಬೆಂಕಿಗೆ ಹಿಡಿದು ಸುಡುತ್ತಾರೆ. ಆ ಏಳು ಹೆಸರು ನಿಮೋಲ್‌ಗೆ ಬಾಯಿಪಾಠವಾಗಿದ್ದವು.

ಮೊದಲನೆಯದು ನದಿಯಂಚಿನ ವಿಹಾರ. ನದಿ ದಡ ಮೀರಿ ಹರಿದು ಮೆಟ್ಟಿಲು ಅರ್ಧ ಮುಳುಗಿತ್ತು. ಸಭಾಮಂಟಪದ ಚಾಪೆಗಳ ಮೇಲೆ ಬಿಳಿ ರವಿಕೆ ತೊಟ್ಟ ಹೆಂಗಸರು ಸಾಲಾಗಿ ಕೂತಿದ್ದರು. ಭಿಕ್ಷುಗಳ ಪಕ್ಕದಲ್ಲಿ, ಅಲ್ಲಿನ ಪೂಜೆ ನಡೆಸಿಕೊಡುವ ಮುದುಕ ಆಚಾರ್ ಕನ್ನಡಕ ಏರಿಸಿ, ಮೈಕು ಹಿಡಿದು, ಒಂದೊಂದೇ ಮನೆಯ ಪಟ್ಟಿ ಓದುತ್ತಿದ್ದರು. ಅವರದು ಜೋಗುಳದಂಥ ದನಿ. ಯಾರ ಮನೆಯ ಸರದಿಯೋ ಅವರು ಕೈ ಮುಗಿದು ತಲೆ ಬಾಗಿಸುತ್ತಿದ್ದರು.

ತಮ್ಮ ಪಟ್ಟಿ ಬಂದಾಗ ನಿಮೋಲ್ ಕಣ್ಣು ಮುಚ್ಚಿದಳು. ಅಜ್ಜ. ಅಜ್ಜಿ. ಮಾವಂದಿರು. ಅಪ್ಪ. ಏಳನೆಯದೂ ಆಯಿತು. ಆಚಾರ್ ಉಸಿರು ತೆಗೆದುಕೊಂಡರು.

"ಸಿಮ್ ಚಾಂತೂ," ಎಂದಿತು ಮೈಕು.

ನಿಮೋಲ್ ಕಣ್ಣು ತೆರೆದಳು. ಪಕ್ಕದಲ್ಲಿ ಅಮ್ಮ ಕೈ ಮುಗಿದುಕೊಂಡೇ ಇದ್ದಳು, ಆದರೆ ಬೆರಳ ತುದಿಗಳು ಬೆಳ್ಳಗಾಗುವಷ್ಟು ಬಿಗಿಯಾಗಿ ಒತ್ತಿಕೊಂಡಿದ್ದಳು. ಸಿಮ್ ಅಮ್ಮನ ಮನೆತನದ ಹೆಸರು. ಚಾಂತೂ ಯಾರು?

ಪಟ್ಟಿ ಸುಡುವ ಮೊದಲೇ ನಿಮೋಲ್ ಮೊಣಕಾಲ ಮೇಲೆ ತೆವಳಿಕೊಂಡು ಮುಂದೆ ಹೋದಳು. "ತಾತ, ನಮ್ಮ ಚೀಟೀಲಿ ಏಳೇ ಹೆಸರಿರೋದು. ನೀವು ಎಂಟು ಓದಿದ್ರಿ."

ಆಚಾರ್ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಎಣಿಸಿದರು. "ಏಳೇ ಇದೆ. ಏಳೇ ಓದಿದ್ದು ಕಣಮ್ಮ."

"ಚಾಂತೂ ಅಂದ್ರಲ್ಲ?"

"ನಾನಾ?" ಮುದುಕ ಅವಳನ್ನೇ ದಿಟ್ಟಿಸಿದರು. "ಏಳಾದ್ಮೇಲೆ ನಾನು ಮೈಕು ಕೆಳಗಿಟ್ಟು ನೀರು ಕುಡಿದೆನಲ್ಲ, ನೋಡಲಿಲ್ವಾ?"

ಹೌದು, ಅವರ ಪಕ್ಕದಲ್ಲಿ ಅರ್ಧ ಕುಡಿದ ಲೋಟವಿತ್ತು.

ಕಾರಿನಲ್ಲಿ ಬುನ್ರಿತ್ ಇದನ್ನು ನಗೆಯಲ್ಲಿ ಹಾರಿಸಿಬಿಟ್ಟ. "ಹಿಂದಿನ ಮನೆಯವರ ಚೀಟಿ ಸೇರಿಕೊಂಡಿರುತ್ತೆ ಕಣೆ. ವಯಸ್ಸಾದೋರು, ಕಣ್ಣು ಮಂಜು. ಸಿಮ್ ಅನ್ನೋ ಮನೆತನ ಊರಲ್ಲಿ ನಿಮ್ಮದೊಂದೇನಾ?"

"ಅಮ್ಮ, ಚಾಂತೂ ಅಂತ ನಮ್ಮ ಕಡೆ ಯಾರಾದ್ರೂ ಇದ್ರಾ?" ನಿಮೋಲ್ ಹಿಂದೆ ತಿರುಗಿ ಕೇಳಿದಳು.

ಅಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ರಸ್ತೆಯ ಎರಡೂ ಬದಿ ಗದ್ದೆಗಳು ನೀರು ತುಂಬಿ ಆಕಾಶದ ಬಣ್ಣಕ್ಕೆ ತಿರುಗಿದ್ದವು. "ಯಾರೂ ಇಲ್ಲ," ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, ಯಾರೂ ಕೇಳದಿದ್ದರೂ, "ಯಾರೂ ಇಲ್ಲ," ಎಂದಳು.

ಎರಡನೆಯ ವಿಹಾರ ಗಿಜಿಗುಡುತ್ತಿತ್ತು. ಬಯಲಿನಲ್ಲಿ ಹಗ್ಗ ಕಟ್ಟಿದ್ದರು. ಕೊಂಬಿಗೆ ಬಣ್ಣದ ಬಟ್ಟೆ ಸುತ್ತಿ, ಹಣೆಗೆ ಹೂಮಾಲೆ ಇಳಿಬಿಟ್ಟ ಕೋಣಗಳು ಕೆಸರು ತುಳಿಯುತ್ತ ಬುಸುಗುಡುತ್ತಿದ್ದವು. ಬುನ್ರಿತ್ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಗ್ಗದ ಕಡೆ ನುಗ್ಗಿದ. ಅಮ್ಮನೂ ನಿಮೋಲೂ ಮಂಟಪದಲ್ಲಿ ಊಟ ಅರ್ಪಿಸಿದರು. ಈ ಸಲ ನಿಮೋಲ್ ಚೀಟಿಯನ್ನು ಕೊಡುವ ಮೊದಲು ಎರಡು ಸಲ ಎಣಿಸಿದಳು, ಓದುವವರ ತುಟಿಯ ಮೇಲೆ ಕಣ್ಣಿಟ್ಟು ಕೂತಳು. ಏಳು ಹೆಸರು. ಎಂಟನೆಯದು ಬರಲಿಲ್ಲ. ಅವಳ ಎದೆ ಹಗುರಾಯಿತು. ಅಮ್ಮನ ಮುಖದಲ್ಲೂ ಕಳೆ ಬಂತು. "ಬಿಸಿಲಾಯ್ತು, ಎಳನೀರು ಕುಡಿಯೋಣ ಬಾ," ಎಂದು ಮಗಳ ತೋಳು ಹಿಡಿದು ಎದ್ದಳು.

ಅಂಗಳದಲ್ಲಿ ಎಳನೀರಿನವನ ಮುಂದೆ ನಿಂತಿದ್ದಾಗ ಓಟದ ಬಯಲಿನ ಮೈಕು ಕಿರುಗುಟ್ಟಿತು. ಅಲ್ಲಿಯವರೆಗೆ ಕೋಣಗಳ ಒಡೆಯರ ಹೆಸರು ಹೇಳಿ ಜನರನ್ನು ನಗಿಸುತ್ತಿದ್ದ ದನಿಯೇ ಅದು.

"ಕೇಳಿ ಕೇಳಿ, ಜನರಲ್ಲಿ ಕಳೆದುಹೋಗಿರೋರ ಬಗ್ಗೆ ಒಂದು ಮಾತು. ಹೆಸರು ಚಾಂತೂ. ಹದಿನಾರು ವರ್ಷದ ಹುಡುಗಿ. ಚಾಂತೂ, ಎಲ್ಲಿದ್ರೂ ಬಾಮ್ಮ. ನಿಮ್ಮ ಅಕ್ಕ ಹಿಂದಿನ ಬೋಧಿಮರದ ಕೆಳಗೆ ಕಾಯ್ತಾ ಇದಾರೆ. ಬೆಳಿಗ್ಗೆಯಿಂದ ಏನೂ ತಿಂದಿಲ್ವಂತೆ."

ಜನ ನಕ್ಕರು. ಅಮ್ಮನ ಕೈಯಿಂದ ಎಳನೀರು ಜಾರಿ ನೆಲಕ್ಕೆ ಬಿದ್ದು ಉರುಳಿತು. ಅವಳು ಅದನ್ನು ನೋಡಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು, ಮಂಡಿನೋವಿನ ಹೆಂಗಸು ಎಂದು ಯಾರೂ ಹೇಳಲಾಗದಂತೆ, ಸರಸರನೆ ವಿಹಾರದ ಹಿಂದಕ್ಕೆ ನಡೆದಳು.

"ಅಮ್ಮಾ! ನಿಂತ್ಕೋ! ಎಲ್ಲಿಗೆ?" ನಿಮೋಲ್ ಹಿಂದೆಯೇ ಓಡಿದಳು.

ವಿಹಾರದ ಹಿಂದೆ ಬಯಲಿನ ಗದ್ದಲ ಸುಳಿಯುತ್ತಿರಲಿಲ್ಲ. ದೊಡ್ಡ ಬೋಧಿಮರ, ಅದರ ಸುತ್ತ ಸಣ್ಣ ಸಣ್ಣ ಚಿತಾಭಸ್ಮದ ಗೋಪುರಗಳು. ಗಾಳಿಯಿಲ್ಲದಿದ್ದರೂ ಎಲೆಗಳು ಅಲುಗಾಡುತ್ತಿದ್ದವು. ಮರದ ಕೆಳಗೆ ಯಾರೂ ಇರಲಿಲ್ಲ. ಬೇರುಗಳ ನಡುವೆ, ಮುಂಜಾನೆ ಯಾರೋ ಎಸೆದಿದ್ದ ಎಳ್ಳಿನ ಅನ್ನದ ಉಂಡೆಗಳು ಬಿದ್ದಿದ್ದವು. ಇರುವೆಗಳೂ ಅವುಗಳ ಹತ್ತಿರ ಬಂದಿರಲಿಲ್ಲ.

ಅಷ್ಟರಲ್ಲಿ ಮೈಕಿನವನೇ ಸಿಗರೇಟು ಹಚ್ಚಿಕೊಳ್ಳಲು ಆ ಕಡೆ ಬಂದ. ನಿಮೋಲ್ ಅವನನ್ನು ತಡೆದಳು. "ಅಣ್ಣ, ಚಾಂತೂ ಅಂತ ಕೂಗಿದ್ರಲ್ಲ, ಹೇಳಿದ್ದು ಯಾರು?"

"ಒಂದು ಹುಡುಗಿ. ಇಲ್ಲೇ ಇದ್ದಳಲ್ಲ?" ಅವನು ಸುತ್ತ ನೋಡಿದ. "ಹದಿನೆಂಟೋ ಹತ್ತೊಂಬತ್ತೋ ಇರಬೇಕು. ಹಬ್ಬದ ದಿನ ಮೈತುಂಬ ಕರಿ ಬಟ್ಟೆ ಯಾಕಮ್ಮ ಅಂತ ಕೇಳ್ದೆ, ಮಾತೇ ಇಲ್ಲ. ಕೂದಲು ಕಿವಿ ಹತ್ರಕ್ಕೆ ಕತ್ತರಿಸಿಬಿಟ್ಟಿದ್ರು. ಆ ಹುಡುಗಿಗೆ ಬಾಯಲ್ಲಿ ಏನೋ ತೊಂದರೆ ಇದೆ ಅಕ್ಕ. ಸರಿಯಾಗಿ ತೆರೆಯೋಕೇ ಆಗ್ತಿರಲಿಲ್ಲ, ಸೂಜಿ ತೂತಿಂದ ಮಾತಾಡ್ದಂಗೆ. ಮೂರು ಸಲ ಕೇಳಿಸ್ಕೊಂಡೆ ಹೆಸರು ಗೊತ್ತಾಗೋಕೆ."

ಅವನು ಹೊಗೆ ಬಿಡುತ್ತ ಹೊರಟುಹೋದ. ಅಮ್ಮ ಮರದ ಬೇರಿನ ಮೇಲೆ ಕೂತಿದ್ದಳು. ನಿಮೋಲ್ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದಳು.

"ಅಮ್ಮ, ಯಾರಮ್ಮ ಚಾಂತೂ?"

"ನಾನೇ," ಎಂದಳು ಅಮ್ಮ.

ಆಮೇಲೆ ಅವಳು ಹೇಳಿದ್ದನ್ನು ನಿಮೋಲ್ ಮಧ್ಯೆ ಬಾಯಿ ಹಾಕದೆ ಕೇಳಿದಳು. ಎಲ್ಲರಿಗೂ ಕರಿ ಬಟ್ಟೆ ಉಡಿಸಿ, ಕೂದಲು ಕತ್ತರಿಸಿ, ಜನರನ್ನು ದುಡಿಸಿ ಕೊಂದ ಕರಿಬಟ್ಟೆಯವರು ದೇಶ ಆಳುತ್ತಿದ್ದ ಕಾಲ. ಅಪ್ಪ ಅಮ್ಮ ಅಣ್ಣಂದಿರು ಹಸಿವಿಗೆ ಒಬ್ಬೊಬ್ಬರಾಗಿ ಹೋದ ಮೇಲೆ ಉಳಿದವರು ಇಬ್ಬರೇ ಹೆಣ್ಣುಮಕ್ಕಳು. ದೊಡ್ಡವಳು ಕೊಲಾಪ್, ಚಿಕ್ಕವಳು ಚಾಂತೂ. ಇಬ್ಬರನ್ನೂ ಕಾಲುವೆ ಅಗೆಯುವ ಹುಡುಗಿಯರ ಗುಂಪಿಗೆ ಹಾಕಿದ್ದರು. ಚಾಂತೂ ಹಸಿವು ತಾಳದೆ ಒಂದು ಮರಗೆಣಸು ಕಿತ್ತು ತಿಂದಿದ್ದಳು. ಯಾರೋ ನೋಡಿ ಹೇಳಿಬಿಟ್ಟರು. ಎರಡು ದಿನ ಕಳೆದು ಸಂಜೆಯ ಸಭೆಗೆ ಹೊಸ ನಾಯಕಿ ಬಂದಳು. ಅವಳಿಗೆ ಯಾರ ಮುಖದ ಪರಿಚಯವೂ ಇರಲಿಲ್ಲ. ಕೈಯಲ್ಲಿ ಒಂದು ಚೀಟಿ ಇತ್ತು.

"ನಂಗೆ ಜ್ವರ. ಅಕ್ಕನ ತೊಡೆ ಮೇಲೆ ತಲೆ ಇಟ್ಕೊಂಡು ಮಲಗಿದ್ದೆ. 'ಸಿಮ್ ಚಾಂತೂ ಓದೋಕೆ ಹೋಗ್ಬೇಕು' ಅಂದ್ಳು ಆ ನಾಯಕಿ. ಓದೋಕೆ ಅಂದ್ರೆ ಏನು ಅಂತ ಎಲ್ಲರಿಗೂ ಗೊತ್ತಿತ್ತು ನಿಮೋಲ್. ಹೋದೋರು ವಾಪಸ್ ಬಂದಿರಲಿಲ್ಲ. ಅಕ್ಕ ನನ್ನ ತಲೇನ ಮೆಲ್ಲಗೆ ನೆಲದ ಮೇಲಿಟ್ಳು. 'ಚಾ' ಅಂತ ಅಂದು ಎದ್ದು ನಿಂತ್ಳು."

ಹೆಂಗಸರು ಹೂಂಗುಡುವುದೇ ಹಾಗೆ: ಚಾ. ಅಷ್ಟೇ ಒಂದು ಮಾತು.

"ಉಳಿದೋರು?"

"ಯಾರೂ ತುಟಿ ಬಿಚ್ಚಲಿಲ್ಲ. ಮಾರನೇ ದಿನ ಹಾಜರಿಯಲ್ಲಿ ಕೊಲಾಪ್ ಅಂತ ಕೂಗಿದ್ರು. ನಾನು ಚಾ ಅಂದೆ. ಅವತ್ತಿಂದ ಅದೇ ಹೆಸರು. ನಿಮ್ಮಪ್ಪ ಮದುವೆ ಆಗಿದ್ದು ಕೊಲಾಪ್‌ನ. ನೀನು ಹುಟ್ಟಿದ್ದು ಕೊಲಾಪ್‌ಗೆ."

"ಅಮ್ಮ, ಇಷ್ಟು ವರ್ಷ ದೊಡ್ಡಮ್ಮಂಗೆ ಒಂದು ಪಿಂಡಾನೂ..."

"ಏನಂತ ಬರೀಲಿ?" ಅಮ್ಮ ಕೇಳಿದಳು. "ಕೊಲಾಪ್ ಅಂತ ಬರೆದ್ರೆ ನಾನು ಸತ್ತಂಗೆ. ಚಾಂತೂ ಅಂತ ಬರೆದ್ರೆ ಬುದ್ಧನ ಮುಂದೆ ಸುಳ್ಳು. ಪ್ರತಿ ವರ್ಷ ಹೆಸರಿಲ್ಲದೆ ಒಂದು ಉಂಡೆ ಇಡ್ತಿದ್ದೆ. ಹೆಸರಿಲ್ಲದ್ದನ್ನ ಯಾರು ಬೇಕಾದ್ರೂ ಕಿತ್ಕೊಂಡು ತಿಂತಾರೆ. ಅವಳಿಗೆ ಸಿಕ್ಕೇ ಇಲ್ಲ. ಅವಳ ಬಾಯಿ ಹಂಗಾಗಿದೆ ಅಂದ್ನಲ್ಲ, ಕೇಳಿಸ್ಕೊಂಡ್ಯಾ?"

ನಿಮೋಲ್ ಕೇಳಿಸಿಕೊಂಡಿದ್ದಳು. ತುತ್ತು ಕಾಣದ ಪ್ರೇತದ ಬಾಯಿ ಸೂಜಿಯ ಕಣ್ಣಿನಷ್ಟು ಚಿಕ್ಕದಾಗುತ್ತದೆ ಎಂದು ಅಮ್ಮನೇ ಅವಳಿಗೆ ಚಿಕ್ಕಂದಿನಲ್ಲಿ ಹೇಳಿದ್ದಳು. ಆಗ ಅದನ್ನು ಕೇಳಿ ಅವಳು ಕೈತುತ್ತು ಬೇಡವೆನ್ನದೆ ತಿಂದಿದ್ದಳು.

ಮೂರನೆಯದೆಂದು ಅವರು ಗೊತ್ತುಮಾಡಿಕೊಂಡಿದ್ದು ಪೇಟೆಯ ಹತ್ತಿರದ ದೊಡ್ಡ ವಿಹಾರ. ಕಾರು ಹತ್ತಿದ ಮೇಲೆ ಅಮ್ಮ ಬೇರೆ ದಾರಿ ಹೇಳಿದಳು. "ಎಡಕ್ಕೆ ತಿರುಗಿಸಪ್ಪ. ಕಾಲುವೆ ಏರಿ ಹಿಡ್ಕೊಂಡು ಹೋಗು. ಕೊನೇಲಿ ಒಂದು ಸಣ್ಣ ವಿಹಾರ ಇದೆ."

"ಆ ದಾರಿ ನೀವೇ ಬೇಡ ಅಂತಿದ್ರಲ್ಲ ಅಮ್ಮ, ಯಾವತ್ತೂ?"

"ಇವತ್ತು ಬೇಕು."

ಬುನ್ರಿತ್ ಹೆಂಡತಿಯ ಮುಖ ನೋಡಿದ. ಅವಳು ಸುಮ್ಮನೆ ತಲೆಯಾಡಿಸಿದಳು. ಪಿಸೇಯ್ ಹತ್ತಿ ಮಿಠಾಯಿ ಮೂಗಿಗೆಲ್ಲ ಮೆತ್ತಿಕೊಂಡು ತೂಕಡಿಸುತ್ತಿದ್ದಳು. ಏರಿಯ ಮೇಲೆ ಕಾರು ತೆವಳುತ್ತ ಹೋಯಿತು. ಗೆರೆ ಎಳೆದಷ್ಟು ನೆಟ್ಟಗಿದ್ದ ಕಾಲುವೆಯಲ್ಲಿ ನೀರು ನಿಂತಲ್ಲೇ ನಿಂತಿತ್ತು. ಅದನ್ನು ಯಾರ ಕೈಗಳು ಅಗೆದವು ಎಂದು ನಿಮೋಲ್‌ಗೆ ಈಗ ಗೊತ್ತಿತ್ತು. ಒಂದು ಕಡೆ ಏರಿಯ ಅಂಚಿನಲ್ಲಿ ಯಾರೋ ಕರಿಬಟ್ಟೆಯವರು ನಡೆದುಹೋಗುತ್ತಿರುವಂತೆ ಕಂಡಿತು. ಹತ್ತಿರವಾದಂತೆ ಅದು ಸುಟ್ಟ ತಾಳೆಮರದ ಮೋಟಾಯಿತು. ನಿಮೋಲ್ ಹಿಂದೆ ತಿರುಗಿ ನೋಡಲಿಲ್ಲ.

ವಿಹಾರ ಶಾಂತವಾಗಿತ್ತು. ತಾವರೆ ಕೊಳ, ತಗಡಿನ ಮಂಟಪ, ಮೂವರೇ ಭಿಕ್ಷುಗಳು, ಹತ್ತು ಹನ್ನೆರಡು ಮನೆಗಳವರು. ಹನ್ನೊಂದು ಹೊಡೆದಿತ್ತು. ಮೈಕು ಇರಲಿಲ್ಲ; ಇಲ್ಲಿನ ಆಚಾರ್ ಬಾಯಲ್ಲೇ ಓದುತ್ತಿದ್ದರು. ಇದನ್ನು ಕಂಡು ನಿಮೋಲ್‌ಗೆ ಯಾಕೋ ಧೈರ್ಯ ಬಂತು.

ಅಮ್ಮ ಮೆಟ್ಟಿಲ ಮೇಲೆ ಕೂತು ಚೀಟಿಯನ್ನೂ ಪೆನ್ನನ್ನೂ ಅವಳ ಮುಂದೆ ಹಿಡಿದಳು. "ಕೆಳಗಡೆ ಬರಿ. ಸಿಮ್ ಕೊಲಾಪ್."

"ಬರೆಯಲ್ಲ."

"ಬರಿ ನಿಮೋಲ್."

"ಬದುಕಿರೋ ಅಮ್ಮನ ಹೆಸರು ಸತ್ತವರ ಚೀಟೀಲಿ ನನ್ನ ಕೈಯಿಂದ ಬರೆಸ್ತೀಯಾ? ನಿನ್ನ ಗುರುತಿನ ಕಾರ್ಡಲ್ಲಿ, ನನ್ನ ಜನನ ಪತ್ರದಲ್ಲಿ ಅದೇ ಹೆಸರಿದೆ. ಬೆಳಿಗ್ಗೆಯಿಂದ ಅವಳು ಕರೀತಿರೋದು ನಿನ್ನ. ಕರೆದುಕೊಂಡು ಹೋಗೋಕೆ ಬಂದಿದಾಳೆ ಅಂತ ನಿಂಗೆ ಅನ್ನಿಸಲ್ವಾ? ಬಾ, ಮನೆಗೆ ಹೋಗೋಣ."

ಬುನ್ರಿತ್‌ಗೆ ಪೂರ್ತಿ ತಿಳಿಯದಿದ್ದರೂ ಅರ್ಧ ತಿಳಿದಿತ್ತು. "ಅಮ್ಮ, ಇವಳು ಹೇಳೋದು ಸರಿ. ಹುಡುಗಾಟ ಅಲ್ಲ ಇದು," ಎಂದ. ಅವನ ಮುಖದಲ್ಲಿ ಬೆಳಗಿನ ನಗೆ ಉಳಿದಿರಲಿಲ್ಲ.

ಅಮ್ಮ ಇಬ್ಬರನ್ನೂ ನೋಡಿದಳು. "ಕರೆದುಕೊಂಡು ಹೋಗೋದಾದ್ರೆ ಹೋಗ್ಲಿ ಬಿಡ್ರಪ್ಪ. ನಾನು ಅವಳ ಹೆಸರಲ್ಲಿ ಮೂವತ್ತೊಂಬತ್ತು ವರ್ಷ ಉಂಡಿದೀನಿ." ಪೆನ್ನನ್ನು ತಾನೇ ತೆಗೆದುಕೊಂಡು, ಚೀಟಿಯನ್ನು ತೊಡೆಯ ಮೇಲಿಟ್ಟು, ಮಕ್ಕಳಂತೆ ಒಂದೊಂದೇ ಅಕ್ಷರ ಕೂಡಿಸಿ ಬರೆದಳು.

ಮಂಟಪದಲ್ಲಿ ಅವರು ಕೊನೆಯ ಸಾಲಿನಲ್ಲಿ ಕೂತರು. ಅವರ ಹಿಂದೆ ಖಾಲಿ ಚಾಪೆ, ಅದರಾಚೆ ಬಾಗಿಲು, ಕೊಳ. ಆಚಾರ್ ಓದತೊಡಗಿದರು. ಪ್ರತಿ ಹೆಸರಿಗೂ ನಿಮೋಲ್ ಅಮ್ಮನ ರವಿಕೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತ ಹೋದಳು. ಏಳಾಯಿತು.

"ಸಿಮ್ ಕೊಲಾಪ್," ಎಂದರು ಆಚಾರ್.

"ಚಾ."

ದನಿ ಬಂದದ್ದು ಅವರ ಬೆನ್ನ ಹಿಂದಿನಿಂದ. ಎಳೆಯ ಹೆಣ್ಣುದನಿ. ತೊದಲಿರಲಿಲ್ಲ, ಕಟ್ಟಿರಲಿಲ್ಲ, ಬಾಯಿ ತುಂಬ ಹೇಳಿದ್ದು. ಮುಂದೆ ಕೂತಿದ್ದ ಒಬ್ಬರೂ ತಿರುಗಿ ನೋಡಲಿಲ್ಲ. ಆಚಾರ್ ಮುಂದಿನ ಮನೆಯ ಚೀಟಿ ಬಿಡಿಸಿದರು. ಬುನ್ರಿತ್‌ನ ತೋಳಿನ ರೋಮ ನೆಟ್ಟಗೆ ನಿಂತದ್ದನ್ನು ನಿಮೋಲ್ ಕಂಡಳು. ಅಮ್ಮ ನಿಧಾನವಾಗಿ ತಿರುಗಿದಳು. ನಿಮೋಲೂ ತಿರುಗಿದಳು.

ಚಾಪೆ ಖಾಲಿಯಿತ್ತು. ಬಾಗಿಲಾಚೆ ಕೊಳದ ನೀರಿನಲ್ಲಿ, ಯಾರೋ ಈಗಷ್ಟೇ ಕಾಲಿಳಿಸಿ ಹೋದಂತೆ, ಅಲೆಗಳು ಸುರುಳಿ ಸುರುಳಿಯಾಗಿ ದಡಕ್ಕೆ ಬರುತ್ತಿದ್ದವು.

ಅಮ್ಮ ಎಳ್ಳಿನ ಅನ್ನದ ಉಂಡೆಯೊಂದನ್ನು ತಾವರೆ ಎಲೆಯಲ್ಲಿಟ್ಟು ಕೊಳದ ಮೆಟ್ಟಿಲಿಗೆ ಒಯ್ದಳು. ನಿಮೋಲ್ ತಡೆಯಲು ಹೋಗಲಿಲ್ಲ, ಆದರೆ ಹಿಂದೆಯೇ ನಿಂತು ಸೊಂಟಕ್ಕೆ ಕೈ ಸುತ್ತಿ ಹಿಡಿದುಕೊಂಡಳು. "ಅಕ್ಕ, ತಿನ್ನು," ಎಂದಳು ಅಮ್ಮ. "ನಿನ್ನ ಹೆಸರಲ್ಲೇ ತಂದಿದೀನಿ. ಯಾರಿಗೂ ಕೊಡಬೇಡ." ಎಲೆ ಸ್ವಲ್ಪ ದೂರ ತೇಲಿತು. ಇಬ್ಬರೂ ನೋಡುತ್ತಿದ್ದಂತೆಯೇ ಉಂಡೆ ಒಂದು ಬದಿಯಿಂದ ಸ್ವಲ್ಪ ಸ್ವಲ್ಪವಾಗಿ ಕರಗುತ್ತ ಬಂತು. ಮೀನಿರಬಹುದು ಎಂದುಕೊಂಡಳು ನಿಮೋಲ್. ಮೀನು ಕಾಣಲಿಲ್ಲ. ಎಲೆ ಖಾಲಿಯಾಗುವವರೆಗೂ ಅಮ್ಮ ಅಲ್ಲಿಂದ ಕದಲಲಿಲ್ಲ. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು, ಸುತ್ತ ಜನರಿದ್ದಾರೆಂಬ ಪರಿವೆಯಿಲ್ಲದೆ, ಬಿಕ್ಕಿ ಬಿಕ್ಕಿ ಅತ್ತಳು. ಹಾಗೆ ಅವಳು ಅತ್ತದ್ದನ್ನು ನಿಮೋಲ್ ಅಪ್ಪ ಸತ್ತಾಗಲೂ ಕಂಡಿರಲಿಲ್ಲ.

ದಾರಿಯಲ್ಲಿ ಅಮ್ಮನಿಗೆ ವಿಪರೀತ ಹಸಿವಾಯಿತು. ಉಳಿದ ಕಡುಬುಗಳಲ್ಲಿ ನಾಲ್ಕನ್ನು ಒಂದಾದ ಮೇಲೊಂದು ಬಿಡಿಸಿ ತಿಂದಳು. ಆ ರಾತ್ರಿಯೆಲ್ಲ ನಿಮೋಲ್ ಅಮ್ಮನ ಉಸಿರು ಕೇಳುತ್ತ ಪಕ್ಕದಲ್ಲೇ ಮಲಗಿದಳು. ಮರುದಿನ ಅಮ್ಮ ಎದ್ದಳು, ಅದರ ಮರುದಿನವೂ ಎದ್ದಳು. ಅವಳಿಗೆ ಏನೂ ಆಗಲಿಲ್ಲ. ಒಂದು ಮಾತ್ರ ಬದಲಾಯಿತು: ಕೊಲಾಪ್ ಎಂದು ಕರೆದರೆ ಅವಳು ತಿರುಗುತ್ತಿರಲಿಲ್ಲ. ಬೇಕೆಂದು ಮಾಡುತ್ತಿದ್ದಾಳೆ ಎಂದು ನಿಮೋಲ್ ಮೊದಲು ಭಾವಿಸಿದಳು. ಪಕ್ಕದ ಮನೆಯವಳು ಬೇಲಿಯಾಚೆಯಿಂದ ನಾಲ್ಕು ಸಲ ಕೂಗಿ, ಕಿವಿ ಮಂದವಾಯಿತೇ ಎಂದು ಬಂದು ವಿಚಾರಿಸಿದಳು. ಅಮ್ಮನ ಕಿವಿ ಚೆನ್ನಾಗಿಯೇ ಇತ್ತು. ಆ ಹೆಸರೊಂದು ಮಾತ್ರ ಅವಳಿಗೆ ಕೇಳಿಸುತ್ತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಅಮ್ಮ ಹಟ ಹಿಡಿದು ಮಗಳನ್ನು ಕಚೇರಿಗೆ ಕರೆದುಕೊಂಡು ಹೋದಳು, ಕಾರ್ಡಿನಲ್ಲಿ ಹೆಸರು ಬದಲಿಸಲು. ಅಲ್ಲಿನ ಗುಮಾಸ್ತ ಒಳ್ಳೆಯವನು. ಕುರ್ಚಿ ಕೊಟ್ಟ, ಅರ್ಜಿಯನ್ನು ತಾನೇ ತುಂಬಿದ.

"ಆಗುತ್ತೆ ಅಜ್ಜಿ, ಅಂಥ ಕಾಲದಲ್ಲಿ ಹೆಸರು ಬದಲಾಯಿಸಿಕೊಂಡೋರು ಬೇಕಾದಷ್ಟು ಜನ ಇದಾರೆ. ಒಂದು ಸಾಕ್ಷಿ ಬೇಕು, ಅಷ್ಟೇ. ಚಿಕ್ಕಂದಿನಲ್ಲಿ ನಿಮ್ಮನ್ನ ಚಾಂತೂ ಅಂತ ಕರೀತಿದ್ದೋರು ಯಾರಾದ್ರೂ ಇನ್ನೂ ಇದಾರಾ?"

"ಒಬ್ಬಳು ಇದಾಳಪ್ಪ," ಎಂದಳು ಅಮ್ಮ. "ಸಹಿ ಹಾಕೋಕೆ ಇಲ್ಲಿಗೆ ಬರೋಕಾಗಲ್ಲ ಅವಳಿಗೆ."

"ದೂರದಲ್ಲಿದಾರಾ?"

"ಅಷ್ಟೇನೂ ದೂರ ಇಲ್ಲ," ಎಂದಳು.

ಗುಮಾಸ್ತ ಸಾಕ್ಷಿಯ ಜಾಗವನ್ನು ಖಾಲಿ ಬಿಟ್ಟು ಅರ್ಜಿಯನ್ನು ಕಡತಕ್ಕೆ ಸೇರಿಸಿದ. ನಿಮೋಲ್ ಅಮ್ಮನ ತೋಳು ಹಿಡಿದು ಕಚೇರಿಯ ಮೆಟ್ಟಿಲು ಇಳಿಸಿದಳು.